ಅಂಗೈಯಗಲದ ತೆರೆಗೆ ಎಷ್ಟು ಚುಕ್ಕಿ ಬೇಕು?

ಮೊಬೈಲ್ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತವರಿಗೆ ಮೊದಲು ಎದುರಾಗುವುದು ಅಂಕಿಗಳು. ಎಚ್‌ಡಿ ಪ್ಲಸ್, ಫುಲ್ ಎಚ್‌ಡಿ ಪ್ಲಸ್, ಕ್ವಾಡ್ ಎಚ್‌ಡಿ, ಫೋರ್‌ಕೆ ಎಂದು ಮಾರಾಟಗಾರ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಒಂದೊಂದು ಮೆಟ್ಟಿಲು ಏರಿದಂತೆಲ್ಲ ಬೆಲೆಯೂ ಏರುತ್ತದೆ. ಪಕ್ಕಪಕ್ಕದಲ್ಲಿ ಇಟ್ಟ ಎರಡು ಫೋನುಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ವ್ಯತ್ಯಾಸ ಕಾಣದ ಗಿರಾಕಿ ಕೊನೆಗೆ ‘ಹೆಚ್ಚಿದ್ದಷ್ಟೂ ಒಳ್ಳೆಯದೇ ಅಲ್ಲವೆ ಸಾರ್’ ಎಂಬ ಮಾತಿಗೆ ತಲೆದೂಗಿ ಹಣ ಎಣಿಸುತ್ತಾನೆ.

ಹೆಚ್ಚಿದ್ದಷ್ಟೂ ಒಳ್ಳೆಯದೆ? ಒಂದು ಮಿತಿಯವರೆಗೆ ಹೌದು, ಆ ಮಿತಿಯ ಆಚೆಗೆ ಅಲ್ಲ. ಆ ಮಿತಿ ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ಕಂಪನಿಗಳ ಜಾಹೀರಾತಲ್ಲ; ಮನುಷ್ಯನ ಕಣ್ಣು, ತೆರೆಯನ್ನು ಹಿಡಿಯುವ ದೂರ ಮತ್ತು ತೆರೆಯ ಮೇಲೆ ಓದುವ ಲಿಪಿ. ಇಂದಿನ ಮಾರುಕಟ್ಟೆಯ ವಿಚಿತ್ರವೆಂದರೆ, ಕಣ್ಣು ಗುರುತಿಸಲಾಗದಷ್ಟು ಚುಕ್ಕಿಗಳು ದುಬಾರಿ ಫೋನುಗಳಲ್ಲಿ ತುಂಬಿ ತುಳುಕುತ್ತಿದ್ದರೆ, ಪುಸ್ತಕ ಓದಲೆಂದೇ ಕೊಳ್ಳುವ ಅಗ್ಗದ ಪುಟ್ಟ ಟ್ಯಾಬ್ಲೆಟ್‌ಗಳಲ್ಲಿ ಅವು ಸಾಲದೇ ಬಂದಿವೆ. ಕನ್ನಡ ಓದುವವರಿಗೆ ಈ ಕೊರತೆ ಇಂಗ್ಲಿಷ್ ಓದುವವರಿಗಿಂತ ಹೆಚ್ಚು ತಟ್ಟುತ್ತದೆ.

ಲೆಕ್ಕ ಸರಳ

ತೆರೆಯ ಮೇಲಿನ ಪ್ರತಿಯೊಂದು ಚಿತ್ರ, ಪ್ರತಿಯೊಂದು ಅಕ್ಷರವೂ ಪಿಕ್ಸೆಲ್ ಎಂಬ ಚುಕ್ಕಿಗಳಿಂದಾದ ರಂಗೋಲಿ. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬುದನ್ನು ರೆಸಲ್ಯೂಷನ್ ಎನ್ನುತ್ತಾರೆ. ಆದರೆ ಈ ಸಂಖ್ಯೆಯೊಂದರಿಂದಲೇ ತೆರೆಯ ಗುಣವನ್ನು ಅಳೆಯಲಾಗದು. ಅಷ್ಟೇ ಚುಕ್ಕಿಗಳನ್ನು ಚಿಕ್ಕ ತೆರೆಯಲ್ಲಿಟ್ಟರೆ ಅವು ಒತ್ತೊತ್ತಾಗಿರುತ್ತವೆ, ದೊಡ್ಡ ತೆರೆಯಲ್ಲಿಟ್ಟರೆ ವಿರಳವಾಗುತ್ತವೆ. ಆದ್ದರಿಂದ ನಿಜವಾದ ಅಳತೆ, ಒಂದು ಅಂಗುಲದ ಉದ್ದದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದು. ಇದಕ್ಕೆ ಪಿಪಿಐ ಎಂದು ಹೆಸರು.

ಇದನ್ನು ಕಂಡುಕೊಳ್ಳಲು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಸಾಕು. ಅಡ್ಡ ಮತ್ತು ಉದ್ದದ ಸಂಖ್ಯೆಗಳ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ಬಂದದ್ದನ್ನು ತೆರೆಯ ಕರ್ಣದ ಅಳತೆಯಿಂದ ಭಾಗಿಸಬೇಕು. ಉದಾಹರಣೆಗೆ 1280×800 ಚುಕ್ಕಿಗಳ ತೆರೆ 7 ಅಂಗುಲದ್ದಾದರೆ 216 ಪಿಪಿಐ, ಅದೇ 8 ಅಂಗುಲಕ್ಕೆ ಹಿಗ್ಗಿದರೆ 189, 10.1 ಅಂಗುಲವಾದರೆ 149. ಮೂರೂ ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ‘ಎಚ್‌ಡಿ’ ಎಂಬ ಪದ ಮಾತ್ರ ಒಂದೇ.

2010ರ ‘ರೆಟಿನಾ’ ವಾದ

ಚುಕ್ಕಿಗಳ ಸಂಗತಿ ಜನಸಾಮಾನ್ಯರ ಬಾಯಿಗೆ ಬಂದದ್ದು 2010ರ ಜೂನ್‌ನಲ್ಲಿ. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಐಫೋನ್ 4 ಅನ್ನು ಪ್ರದರ್ಶಿಸುತ್ತ, ಅದರ 3.5 ಅಂಗುಲದ ತೆರೆಯಲ್ಲಿ 960×640 ಚುಕ್ಕಿಗಳಿವೆ, ಅಂದರೆ 326 ಪಿಪಿಐ ಇದೆ ಎಂದು ಸಾರಿದರು. ಅದಕ್ಕೆ ಹಿಂದಿನ ಮಾದರಿಗಳಲ್ಲಿದ್ದುದು ಇದರ ಅರ್ಧ, 163. ಹತ್ತು ಹನ್ನೆರಡು ಅಂಗುಲ ದೂರದಲ್ಲಿ ಹಿಡಿದ ಸಾಧನದಲ್ಲಿ ಸುಮಾರು 300 ಪಿಪಿಐ ದಾಟಿದರೆ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಕಾಣಲು ಮನುಷ್ಯನ ಅಕ್ಷಿಪಟಲಕ್ಕೆ ಸಾಧ್ಯವಿಲ್ಲ ಎಂಬುದು ಅವರ ವಾದವಾಗಿತ್ತು. ಅಕ್ಷಿಪಟಲದ ಇಂಗ್ಲಿಷ್ ಹೆಸರೇ ಆ ತೆರೆಗೂ ಹೆಸರಾಯಿತು.

ಈ 300 ಎಂಬ ಸಂಖ್ಯೆ ಗಾಳಿಯಿಂದ ಬಂದದ್ದಲ್ಲ. ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಫಲಕವನ್ನು ನೋಡದವರಿಲ್ಲ. ನೆದರ್ಲೆಂಡ್ಸ್‌ನ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ರೂಪಿಸಿದ ಆ ಫಲಕದಲ್ಲಿ 6/6 ದೃಷ್ಟಿ ಎಂದರೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ದಪ್ಪದ ಗೆರೆಯನ್ನು ಬೇರೆಯಾಗಿ ಗುರುತಿಸಬಲ್ಲ ಶಕ್ತಿ. 30 ಸೆಂಟಿಮೀಟರ್ ದೂರದಲ್ಲಿ ಈ ಕೋನಕ್ಕೆ ಸಿಕ್ಕುವ ಜಾಗ 0.087 ಮಿಲಿಮೀಟರ್. ಒಂದು ಅಂಗುಲದಲ್ಲಿ ಅಂಥವು 291 ಹಿಡಿಸುತ್ತವೆ. ಜಾಬ್ಸ್ ಹೇಳಿದ ಮಾತಿನ ಹಿಂದಿನ ಲೆಕ್ಕ ಇದಕ್ಕೆ ಹತ್ತಿರದ್ದು.

ಆಕ್ಷೇಪ ಬರಲು ತಡವಾಗಲಿಲ್ಲ. ತೆರೆಗಳ ಪರೀಕ್ಷೆಯಲ್ಲಿ ಹೆಸರಾದ ಡಿಸ್‌ಪ್ಲೇಮೇಟ್ ಸಂಸ್ಥೆಯ ರೇಮಂಡ್ ಸೊನೈರಾ, 6/6 ಎಂಬುದು ಆರೋಗ್ಯವಂತ ಕಣ್ಣಿನ ಗರಿಷ್ಠ ಶಕ್ತಿಯಲ್ಲ, ಕೇವಲ ಸಾಮಾನ್ಯ ಮಟ್ಟ. ಒಳ್ಳೆಯ ಕಣ್ಣಿನ ನಿಜವಾದ ಮಿತಿ 12 ಅಂಗುಲ ದೂರದಲ್ಲಿ 477 ಪಿಪಿಐವರೆಗೂ ಇರುತ್ತದೆ ಎಂದು ವಾದಿಸಿದರು. ಇಬ್ಬರ ಮಾತೂ ಅವರವರ ಅಳತೆಗೋಲಿನಲ್ಲಿ ಸರಿಯೇ ಆಗಿತ್ತು. ಒಬ್ಬರು ಸಾಮಾನ್ಯ ಕಣ್ಣಿನ ಬಗ್ಗೆ ಹೇಳಿದರೆ, ಇನ್ನೊಬ್ಬರು ಅತ್ಯುತ್ತಮ ಕಣ್ಣಿನ ಬಗ್ಗೆ ಹೇಳಿದ್ದರು.

ಹದಿನೈದು ವರ್ಷಗಳ ಬಳಿಕ ಈ ಚರ್ಚೆಗೆ ಗಟ್ಟಿಯಾದ ಅಳತೆಯೊಂದು ದೊರೆಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಸಂಸ್ಥೆಯ ಸಂಶೋಧಕರು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೇರ ನೋಟದಲ್ಲಿ ಕಪ್ಪು ಬಿಳುಪು ವಿವರಗಳಿಗೆ ಕಣ್ಣಿನ ಮಿತಿ ಒಂದು ಡಿಗ್ರಿಗೆ ಸರಾಸರಿ 94 ಚುಕ್ಕಿಗಳು. ಸ್ನೆಲ್ಲೆನ್ ಫಲಕದಿಂದ ಬಂದ ಹಳೆಯ ಎಣಿಕೆ 60 ಇತ್ತು. ಕೆಂಪು ಹಸಿರಿನ ವಿವರಗಳಿಗೆ ಇದು 89, ಹಳದಿ ನೇರಳೆಗೆ ಬರೀ 53. ಅಂದರೆ ಬಣ್ಣಕ್ಕಿಂತ ಬೆಳಕು ನೆರಳಿನ ಗೆರೆಗಳಲ್ಲಿ ಕಣ್ಣು ಚುರುಕು. ಬಿಳಿಯ ಹಾಳೆಯ ಮೇಲಿನ ಕಪ್ಪು ಅಕ್ಷರಕ್ಕಿಂತ ಕಣ್ಣನ್ನು ಹೆಚ್ಚು ಪರೀಕ್ಷಿಸುವ ವಸ್ತು ಬೇರೊಂದಿಲ್ಲ ಎಂದಾಯಿತು.

ಈ 94 ಅನ್ನು ಕೈಯಲ್ಲಿ ಹಿಡಿಯುವ ತೆರೆಗೆ ಇಳಿಸಿದರೆ 30 ಸೆಂ.ಮೀ. ದೂರದಲ್ಲಿ ಸುಮಾರು 456 ಪಿಪಿಐ ಆಗುತ್ತದೆ, 40 ಸೆಂ.ಮೀ. ದೂರದಲ್ಲಿ 342. ಐಫೋನ್ 12ರಿಂದ (2020) ಇತ್ತೀಚೆಗೆ ಬಂದ ಐಫೋನ್‌ಗಳವರೆಗೆ ಬಹುತೇಕ ಮಾದರಿಗಳು 460ರಲ್ಲಿಯೇ ನಿಂತಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ದೂರದ ಮಾತು ಮುಖ್ಯ. ನಲವತ್ತು ದಾಟಿ ಚಾಳೀಸು ಬಂದವರು ಕನ್ನಡಕವಿಲ್ಲದೆ ಓದುವಾಗ ಫೋನನ್ನು ತೋಳಿನುದ್ದಕ್ಕೆ ಒಯ್ಯುತ್ತಾರೆ. ಅವರಿಗೆ ಬೇಕಾದುದು ದೊಡ್ಡ ಅಕ್ಷರ. ಅಂಗುಲಕ್ಕೆ ಇನ್ನೂರು ಚುಕ್ಕಿ ಹೆಚ್ಚಾದರೂ ಅವರ ಓದು ಸುಲಭವಾಗದು. ಇನ್ನೊಂದು ತುದಿಯಲ್ಲಿ ಮಕ್ಕಳಿದ್ದಾರೆ. ಹಾಸಿಗೆಯಲ್ಲಿ ಬೋರಲು ಮಲಗಿ ತೆರೆಯನ್ನು 20 ಸೆಂ.ಮೀ.ಗೆ ತಂದುಕೊಳ್ಳುವ ಹುಡುಗನಿಗೆ ಹಳೆಯ ಎಣಿಕೆಯ ಪ್ರಕಾರವೇ 437 ಪಿಪಿಐ ಬೇಕಾಗುತ್ತದೆ. ಹಾಗೆ ಓದುವುದು ಒಳ್ಳೆಯದೆಂದಲ್ಲ. ಆದರೆ ಮನೆಯ ಕಡಿಮೆ ಗುಣದ ತೆರೆ ಸಾಮಾನ್ಯವಾಗಿ ಹೋಗುವುದು ಮಕ್ಕಳ ಕೈಗೇ ಎಂಬುದನ್ನು ಮರೆಯುವಂತಿಲ್ಲ.

‘ಮಧ್ಯ’ ಮತ್ತು ‘ಮದ್ಯ’

ಮೇಲಿನ ಎಲ್ಲ ವಾದ ವಿವಾದಗಳೂ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದವು. ಆ ಲಿಪಿ ಚುಕ್ಕಿಗಳ ಬಡತನವನ್ನು ಸಹಿಸಿಕೊಳ್ಳುವುದರಲ್ಲಿ ಗಟ್ಟಿ. ನೇರ ಗೆರೆ, ಅಡ್ಡ ಗೆರೆ, ಒಂದೆರಡು ಬಾಗು; ಎತ್ತರಕ್ಕೆ ಏಳು, ಅಗಲಕ್ಕೆ ಐದು ಚುಕ್ಕಿ ಕೊಟ್ಟರೂ ಇಂಗ್ಲಿಷಿನ ದೊಡ್ಡಕ್ಷರಗಳು ಓದಲು ಬರುತ್ತವೆ. ಬಸ್ಸಿನ ಹಣೆಯ ಮೇಲೆ ಹರಿಯುವ ವಿದ್ಯುತ್ ಫಲಕವೇ ಇದಕ್ಕೆ ಸಾಕ್ಷಿ.

ಕನ್ನಡದ ಸಂಗತಿ ಬೇರೆ. ಇಲ್ಲಿ ಅಕ್ಷರಗಳು ದುಂಡು. ದುಂಡನ್ನು ಚೌಕ ಚುಕ್ಕಿಗಳಿಂದ ಕಟ್ಟುವಾಗ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಜೊತೆಗೆ ಒಂದಕ್ಷರಕ್ಕೂ ಇನ್ನೊಂದಕ್ಕೂ ಇರುವ ಭೇದ ಹಲವು ಕಡೆ ಕೂದಲೆಳೆಯಷ್ಟು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಜೋಡಿಗಳಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣದಿಂದ ಬೇರ್ಪಡಿಸುವುದು ಬುಡದಲ್ಲಿರುವ ಒಂದು ಸಣ್ಣ ಗೀಟು. ಥ ಮತ್ತು ಧ ನಡುವೆ, ರ ಮತ್ತು ಠ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಬೊಟ್ಟು. ಚುಕ್ಕಿಗಳು ಸಾಲದಾದಾಗ ಮೊದಲು ಅಳಿಸಿಹೋಗುವುದು ಈ ಗೀಟು ಮತ್ತು ಬೊಟ್ಟುಗಳೇ. ಆಗ ‘ಧನ’ ದನವಾಗುತ್ತದೆ, ‘ಮಧ್ಯ’ ಮದ್ಯವಾಗುತ್ತದೆ. ಸಂದರ್ಭದಿಂದ ಅರ್ಥ ಮಾಡಿಕೊಳ್ಳುವ ವಯಸ್ಕರಿಗೆ ಇದು ನಗೆಯ ಮಾತಾದರೂ, ಆಗತಾನೇ ಕಾಗುಣಿತ ಕಲಿಯುತ್ತಿರುವ ಮಗುವಿಗೆ ನಗೆಯ ಮಾತಲ್ಲ.

ಇದರ ಮೇಲೆ ಒತ್ತಕ್ಷರಗಳ ಭಾರ. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಮೂಲಾಕ್ಷರದ ಕೆಳಗೆ ಒಂದಲ್ಲ, ಎರಡು ಒತ್ತುಗಳು ಕೂರಬೇಕು. ಮೇಲ್ಗಡೆ ಗುಡಿಸೋ ತಲೆಕಟ್ಟೋ ಬರಬೇಕು. ಇಂಗ್ಲಿಷಿನ ಅಕ್ಷರ ತನ್ನ ಸಾಲಿನ ಎತ್ತರದ ಬಹುಪಾಲನ್ನು ತಾನೇ ಬಳಸಿಕೊಂಡರೆ, ಕನ್ನಡದ ಮೂಲಾಕ್ಷರಕ್ಕೆ ಸಿಕ್ಕುವುದು ಸುಮಾರು ಅರ್ಧ ಮಾತ್ರ. ಉಳಿದದ್ದು ಮೇಲಿನವರಿಗೆ ಮತ್ತು ಕೆಳಗಿನವರಿಗೆ ಹಂಚಿಕೆ. ಆದ್ದರಿಂದ ಒಂದೇ ಅಳತೆಯ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಷ್ಟೇ ಸ್ಪಷ್ಟವಾಗಿ ಕನ್ನಡ ಅಕ್ಷರ ಕಾಣಬೇಕಾದರೆ ಹೆಚ್ಚು ಚುಕ್ಕಿಗಳು ಬೇಕೇ ಬೇಕು.

2003ರಲ್ಲಿ ಬಂದು ದೇಶದ ಮೂಲೆ ಮೂಲೆಗೂ ತಲುಪಿದ ನೋಕಿಯಾ 1100 ಫೋನಿನ ತೆರೆಯಲ್ಲಿದ್ದುದು ಅಡ್ಡಕ್ಕೆ 96, ಉದ್ದಕ್ಕೆ 65 ಚುಕ್ಕಿ, ಒಟ್ಟು 6,240. ಒತ್ತಕ್ಷರ ಸಹಿತ ಕನ್ನಡದ ಒಂದು ಸಾಲಿಗೆ ಕನಿಷ್ಠ ಹದಿನಾರು ಚುಕ್ಕಿಗಳ ಎತ್ತರ ಎಂದಿಟ್ಟುಕೊಂಡರೂ ಅಂಥ ತೆರೆಯಲ್ಲಿ ನಾಲ್ಕೇ ಸಾಲು. ಕನ್ನಡಿಗರು ಒಂದು ದಶಕದ ಕಾಲ ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದ್ದಕ್ಕೆ ಕೀಲಿಮಣೆಯ ಜೊತೆಗೆ ಇದೂ ಒಂದು ಕಾರಣ. 2017ರ ಜಿಯೋಫೋನ್ ಹೊತ್ತಿಗೆ 2.4 ಅಂಗುಲದಲ್ಲಿ 240×320 ಚುಕ್ಕಿಗಳು ಬಂದಿದ್ದವು, ಸುಮಾರು 167 ಪಿಪಿಐ. ಕನ್ನಡ ಓದಲು ಬರುತ್ತಿತ್ತು, ಆದರೆ ಸಾಲಿಗೆ ಕೆಲವೇ ಪದ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ, ಅಥವಾ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ, ಅದು ತೆರೆಯ ದೋಷವಲ್ಲ. ಅಕ್ಷರ ಜೋಡಿಸುವ ತಂತ್ರಾಂಶದ ದೋಷ. ಆಂಡ್ರಾಯ್ಡ್ ವ್ಯವಸ್ಥೆಗೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ಅಧಿಕೃತವಾಗಿ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಎಷ್ಟು ಚುಕ್ಕಿಗಳಿದ್ದರೂ ಕನ್ನಡ ಡಬ್ಬಿ ಡಬ್ಬಿಯಾಗಿಯೇ ಕಾಣುತ್ತಿತ್ತು.

ಪುಟ್ಟ ಟ್ಯಾಬ್ಲೆಟ್‌ನ ಪಾಡು

ಏಳೆಂಟು ಅಂಗುಲದ ಟ್ಯಾಬ್ಲೆಟ್‌ಗಳ ಇತಿಹಾಸ ಭಾರತದಲ್ಲಿ ದೊಡ್ಡ ಆಸೆಯೊಂದಿಗೆ ಆರಂಭವಾಯಿತು. 2011ರ ಅಕ್ಟೋಬರ್‌ನಲ್ಲಿ ಅಂದಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ ‘ಆಕಾಶ್’ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಅಗ್ಗದ ಸಾಧನ. ಅದರ 7 ಅಂಗುಲದ ತೆರೆಯಲ್ಲಿ 800×480 ಚುಕ್ಕಿಗಳಿದ್ದವು, ಅಂದರೆ 133 ಪಿಪಿಐ. ಬೆರಳೊತ್ತಿಗೆ ತೆರೆ ಬೇಗ ಸ್ಪಂದಿಸದೆ ಇದ್ದುದೇ ಆಗ ಹೆಚ್ಚು ಚರ್ಚೆಯಾಯಿತು. ಅಕ್ಷರಗಳ ಗುಣದ ಬಗ್ಗೆ ಮಾತೆತ್ತಿದವರು ಕಡಿಮೆ.

ಮರುವರ್ಷ ಗೂಗಲ್‌ನ ನೆಕ್ಸಸ್ 7 ಅದೇ ಅಳತೆಯಲ್ಲಿ 216 ಪಿಪಿಐ ತಂದಿತು. 2012ರಲ್ಲಿಯೇ ಬಂದ ಆಪಲ್‌ನ ಮೊದಲ ಐಪ್ಯಾಡ್ ಮಿನಿ 7.9 ಅಂಗುಲದಲ್ಲಿ 1024×768, ಅಂದರೆ 163 ಪಿಪಿಐ ಮಾತ್ರ ಹೊಂದಿತ್ತು. ಅದೇ ಕಂಪನಿಯ ದೊಡ್ಡ ಐಪ್ಯಾಡ್ ಆ ವೇಳೆಗೆ 264 ತಲುಪಿದ್ದರಿಂದ ಪುಟ್ಟದನ್ನು ಕೊಂಡವರು ಗೊಣಗಿದರು. 2013ರಲ್ಲಿ ಎರಡೂ ಕಂಪನಿಗಳು ತಿದ್ದಿಕೊಂಡವು: ಹೊಸ ನೆಕ್ಸಸ್ 7ರಲ್ಲಿ 323 ಪಿಪಿಐ, ಎರಡನೇ ಐಪ್ಯಾಡ್ ಮಿನಿಯಲ್ಲಿ 326. ಕಾಗದದ ಹಾಗೆ ಕಾಣುವ ಕಿಂಡಲ್ ಓದುಯಂತ್ರಗಳೂ ಇದೇ ದಾರಿ ಹಿಡಿದವು. 2007ರ ಮೊದಲ ಕಿಂಡಲ್ 167 ಪಿಪಿಐಯದು, 2012ರ ಪೇಪರ್‌ವೈಟ್ 212, 2014ರ ವಾಯೇಜ್ 300. ಆಮೇಲೆ ಅವು ಮುನ್ನೂರನ್ನು ದಾಟಿ ಹೋಗಲೇ ಇಲ್ಲ. ಓದುವುದನ್ನೇ ಕಸುಬಾಗಿಸಿಕೊಂಡ ಸಾಧನ ಎಲ್ಲಿ ನಿಂತಿತು ಎಂಬುದು ಗಮನಾರ್ಹ. 1984ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ ಮುದ್ರಕ ಕಾಗದದ ಮೇಲೆ ಒಂದು ಅಂಗುಲಕ್ಕೆ ಇಡುತ್ತಿದ್ದುದೂ 300 ಚುಕ್ಕಿಗಳನ್ನೇ.

ಹೀಗೆ ಹತ್ತು ವರ್ಷಗಳ ಹಿಂದೆಯೇ ಬಗೆಹರಿದ ಸಮಸ್ಯೆ ಅಗ್ಗದ ಟ್ಯಾಬ್ಲೆಟ್‌ಗಳ ಮಟ್ಟಿಗೆ ಮತ್ತೆ ಮೊದಲಿನ ಜಾಗಕ್ಕೆ ಮರಳಿತು. ಸ್ಯಾಮ್ಸಂಗ್‌ನ 2021ರ ಟ್ಯಾಬ್ ಎ7 ಲೈಟ್ ಮತ್ತು 2023ರ ಟ್ಯಾಬ್ ಎ9 ಎರಡರಲ್ಲೂ 8.7 ಅಂಗುಲಕ್ಕೆ 1340×800 ಚುಕ್ಕಿಗಳು, 179 ಪಿಪಿಐ. ಬೇರೆ ಕಂಪನಿಗಳ ಇದೇ ದರದ ಎಂಟು ಅಂಗುಲದ ಸಾಧನಗಳಲ್ಲಿ ಸಾಮಾನ್ಯವಾಗಿ ಕಾಣುವುದು 1280×800. ಫೋನಿನ ಪೈಪೋಟಿ ಟ್ಯಾಬ್ಲೆಟ್‌ನಲ್ಲಿ ಇಲ್ಲದಿರುವುದು, ಕೊಳ್ಳುವವರು ಇದನ್ನು ಮಕ್ಕಳ ಆಟಿಕೆ ಎಂದೋ ಸಿನಿಮಾ ನೋಡುವ ಪೆಟ್ಟಿಗೆ ಎಂದೋ ಭಾವಿಸುವುದು ಇದಕ್ಕೆ ಕಾರಣವೆನ್ನಬಹುದು. ಚಲನಚಿತ್ರಕ್ಕೆ ಇಷ್ಟು ಸಾಕು ಕೂಡ. ಆದರೆ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಇಂಥ ತೆರೆಯೇ ತರಗತಿಯೂ ಪಠ್ಯಪುಸ್ತಕವೂ ಆಯಿತು.

ಪಠ್ಯಪುಸ್ತಕದ ಲೆಕ್ಕವನ್ನೇ ನೋಡಬಹುದು. ರಾಜ್ಯದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ಪಿಡಿಎಫ್ ಎಂದರೆ ಪುಟದ ಪಡಿಯಚ್ಚು. ಸುದ್ದಿಯ ಪುಟದಂತೆ ತೆರೆಯ ಅಗಲಕ್ಕೆ ತಕ್ಕಂತೆ ಸಾಲು ಮುರಿದುಕೊಳ್ಳುವುದಿಲ್ಲ. ಎ4 ಅಳತೆಯ, ಅಂದರೆ 8.27 ಅಂಗುಲ ಅಗಲದ ಪುಟವೊಂದನ್ನು 800 ಚುಕ್ಕಿ ಅಗಲದ ತೆರೆಯಲ್ಲಿ ಇಡಿಯಾಗಿ ತೋರಿಸಿದರೆ ಪುಟದ ಪ್ರತಿ ಅಂಗುಲಕ್ಕೆ ಸಿಕ್ಕುವುದು 97 ಚುಕ್ಕಿಗಳು. 12 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಎತ್ತರದಲ್ಲಿ 16. ಆ ಹದಿನಾರರಲ್ಲಿ ಮೂಲಾಕ್ಷರಕ್ಕೆ ಏಳೆಂಟು, ಒತ್ತಿಗೆ ನಾಲ್ಕೈದು, ಉಳಿದದ್ದು ಮೇಲಿನ ಚಿಹ್ನೆಗಳಿಗೆ. ಧಕಾರದ ಬುಡದ ಗೀಟಿಗೆ ಒಂದು ಪೂರ್ತಿ ಚುಕ್ಕಿಯೂ ದಕ್ಕುವುದಿಲ್ಲ. ಅಂಚುಗಳನ್ನು ನಯಗೊಳಿಸಲು ತಂತ್ರಾಂಶ ಬಳಿಯುವ ಬೂದು ಬಣ್ಣದಲ್ಲಿ ಅದು ಕರಗಿಹೋಗುತ್ತದೆ. 2021ರ ನಂತರದ ಐಪ್ಯಾಡ್ ಮಿನಿಯ 1488 ಚುಕ್ಕಿ ಅಗಲದಲ್ಲಿ ಇದೇ ಅಕ್ಷರಕ್ಕೆ 30 ಚುಕ್ಕಿಗಳ ಎತ್ತರ ಸಿಕ್ಕುತ್ತದೆ. ಇನ್ನೂ ಸೋಜಿಗವೆಂದರೆ, 1080 ಚುಕ್ಕಿ ಅಗಲದ ಸಾಧಾರಣ ಫೋನಿನಲ್ಲಿ 22 ಸಿಕ್ಕುತ್ತವೆ. ಪುಟ ಅಲ್ಲಿ ತೀರ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಚಿಕ್ಕದಾದ ಆ ಅಕ್ಷರ ಟ್ಯಾಬ್ಲೆಟ್‌ನ ದೊಡ್ಡ ಅಕ್ಷರಕ್ಕಿಂತ ಪೂರ್ಣವಾಗಿರುತ್ತದೆ.

ಪುಟವನ್ನು ಹಿಗ್ಗಿಸಿ ಓದಬಹುದಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಓದಬಹುದು. ಆದರೆ ಪ್ರತಿ ಸಾಲಿನ ಕೊನೆಗೂ ಪುಟವನ್ನು ಎಡಕ್ಕೆ ಬಲಕ್ಕೆ ಜಾರಿಸುತ್ತ ಹೋಗಬೇಕು; ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಮರೆಯಾಗುತ್ತದೆ. ಹಾಗೆ ನಾಲ್ಕು ಪುಟ ಓದಿದ ಮಗು ಐದನೆಯದಕ್ಕೆ ಆಟದ ಆ್ಯಪ್ ತೆರೆದರೆ ಅಚ್ಚರಿಪಡಬೇಕಾಗಿಲ್ಲ.

ಏರಿದ್ದು, ಇಳಿದದ್ದು

ಟ್ಯಾಬ್ಲೆಟ್‌ಗಳು ಹೀಗೆ ಹಿಂದುಳಿದ ಕಾಲದಲ್ಲಿಯೇ ಫೋನುಗಳು ವಿರುದ್ಧ ದಿಕ್ಕಿನಲ್ಲಿ ಓಡಿದವು. 2014ರಲ್ಲಿ ಎಲ್‌ಜಿ ಜಿ3 5.5 ಅಂಗುಲದಲ್ಲಿ 2560×1440 ಚುಕ್ಕಿಗಳನ್ನು ತಂದಿತು, 538 ಪಿಪಿಐ. ಮರುವರ್ಷ ಸೋನಿಯ ಎಕ್ಸ್‌ಪೀರಿಯಾ ಝಡ್5 ಪ್ರೀಮಿಯಂ ಅದೇ ಅಳತೆಯಲ್ಲಿ 3840×2160 ಚುಕ್ಕಿಗಳನ್ನು ಕೂರಿಸಿ 806 ಪಿಪಿಐ ತಲುಪಿತು. ಎಂಬತ್ತೆರಡು ಲಕ್ಷಕ್ಕೂ ಹೆಚ್ಚು ಚುಕ್ಕಿಗಳು ಒಂದು ಅಂಗೈಯೊಳಗೆ! ಆದರೆ ಆ ಫೋನು ಆಯ್ದ ಚಿತ್ರ ಮತ್ತು ವಿಡಿಯೊಗಳನ್ನು ಬಿಟ್ಟು ಉಳಿದ ಕೆಲಸಗಳನ್ನೆಲ್ಲ ಫುಲ್ ಎಚ್‌ಡಿ ಮಟ್ಟದಲ್ಲಿಯೇ ತೋರಿಸುತ್ತಿತ್ತು. ಬ್ಯಾಟರಿ ಉಳಿಸುವ ಉಪಾಯ. ಬಹುಪಾಲು ಬಳಕೆದಾರರಿಗೆ ಅದು ಗೊತ್ತಾಗಲೂ ಇಲ್ಲ.

ಚುಕ್ಕಿಗಳಿಗೆ ಬೆಲೆ ತೆರಬೇಕಾಗುತ್ತದೆ. ಪ್ರತಿ ಚುಕ್ಕಿಯನ್ನೂ ಸಂಸ್ಕಾರಕ ಸೆಕೆಂಡಿಗೆ ಅರವತ್ತು ಬಾರಿಯೋ ನೂರಿಪ್ಪತ್ತು ಬಾರಿಯೋ ಹೊಸದಾಗಿ ಬರೆಯಬೇಕು. ಎಲ್‌ಸಿಡಿ ತೆರೆಯಲ್ಲಿ ಪ್ರತಿ ಚುಕ್ಕಿಗೂ ಅದರದೇ ಟ್ರಾನ್ಸಿಸ್ಟರ್ ಇದ್ದು, ಚುಕ್ಕಿಗಳು ಸಣ್ಣದಾದಷ್ಟೂ ಬೆಳಕು ತೂರುವ ಕಿಂಡಿ ಕಿರಿದಾಗುತ್ತದೆ. ಆದ್ದರಿಂದ ಹಿಂದಿನ ದೀಪವನ್ನು ಹೆಚ್ಚು ಉರಿಸಬೇಕು. 2012ರ ಮೂರನೇ ಐಪ್ಯಾಡ್ ಇದಕ್ಕೆ ಒಳ್ಳೆಯ ನಿದರ್ಶನ. ಚುಕ್ಕಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದ ಆಪಲ್, ಹಿಂದಿನಷ್ಟೇ ಹತ್ತು ಗಂಟೆ ಬಾಳಿಕೆ ಉಳಿಸಿಕೊಳ್ಳಲು ಬ್ಯಾಟರಿಯನ್ನು 25 ವ್ಯಾಟ್‌ಗಂಟೆಯಿಂದ 42.5 ವ್ಯಾಟ್‌ಗಂಟೆಗೆ ಏರಿಸಬೇಕಾಯಿತು. ಸಾಧನ ದಪ್ಪವೂ ಆಯಿತು, ಭಾರವೂ ಆಯಿತು.

ಈ ಸತ್ಯ ಕಂಪನಿಗಳಿಗೆ ತಿಳಿಯದ್ದೇನಲ್ಲ. 2017ರ ಗ್ಯಾಲಕ್ಸಿ ಎಸ್8ರಲ್ಲಿ 570 ಪಿಪಿಐ ತೆರೆಯಿದ್ದರೂ ಪೆಟ್ಟಿಗೆಯಿಂದ ಹೊರಬಂದಾಗ ಅದನ್ನು ಫುಲ್ ಎಚ್‌ಡಿ ಪ್ಲಸ್‌ಗೆ ಇಳಿಸಿಡಲಾಗಿತ್ತು. 2020ರ ಎಸ್20ರಲ್ಲಿ ತೆರೆಯನ್ನು 120 ಹರ್ಟ್ಸ್ ವೇಗದಲ್ಲಿ ಓಡಿಸಬೇಕಾದರೆ ಕಡಿಮೆ ರೆಸಲ್ಯೂಷನ್ನಿಗೇ ಒಪ್ಪಬೇಕಿತ್ತು. ಮರುವರ್ಷದ ಎಸ್21ರಲ್ಲಿ 1440ರ ತೆರೆಯನ್ನೇ ಕೈಬಿಟ್ಟು 421 ಪಿಪಿಐಗೆ ಇಳಿಯಲಾಯಿತು. ಫೋರ್‌ಕೆ ಹಟವನ್ನು ಎಲ್ಲರಿಗಿಂತ ಹೆಚ್ಚು ಕಾಲ ಹಿಡಿದಿದ್ದ ಸೋನಿಯೇ 2024ರ ಎಕ್ಸ್‌ಪೀರಿಯಾ 1ರ ಆರನೇ ಮಾದರಿಯಲ್ಲಿ 1080ಕ್ಕೆ ಮರಳಿತು.

ಅತಿ ಹೆಚ್ಚಿನ ಚುಕ್ಕಿಗಳಿಗೆ ಒಂದು ನ್ಯಾಯವಾದ ಉಪಯೋಗವಿತ್ತು. ಫೋನನ್ನು ಮಸೂರಗಳುಳ್ಳ ಮುಖವಾಡಕ್ಕೆ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಆಟಗಳಲ್ಲಿ ಮಸೂರವು ಪ್ರತಿ ಚುಕ್ಕಿಯನ್ನೂ ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ 500 ಪಿಪಿಐ ಕೂಡ ಒರಟು. ಆದರೆ ಸ್ಯಾಮ್ಸಂಗ್‌ನ ಗೇರ್ ವಿಆರ್, ಗೂಗಲ್‌ನ ಡೇಡ್ರೀಮ್ ಎರಡೂ 2019ರ ಹೊತ್ತಿಗೆ ಹಿನ್ನೆಲೆಗೆ ಸರಿದವು.

ಹಾಗೆಂದು ಮುನ್ನೂರರ ಆಚೆಗೆ ಕಣ್ಣು ಏನನ್ನೂ ಕಾಣುವುದಿಲ್ಲ ಎಂದಲ್ಲ. ಪಿಯುಸಿ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ನೆನಪಿದ್ದವರಿಗೆ ಗೊತ್ತು: ಎರಡು ಗೆರೆಗಳು ಒಂದೇ ನೇರಕ್ಕೆ ಬಂದಿವೆಯೇ ಇಲ್ಲವೇ ಎಂಬುದನ್ನು ಕಣ್ಣು ಅದ್ಭುತವಾದ ನಿಖರತೆಯಿಂದ ಹೇಳಬಲ್ಲದು. ಚುಕ್ಕಿ ಕಾಣದಿದ್ದರೂ ಬಾಗಿದ ಗೆರೆಯ ಅಂಚಿನ ತೊಡಕು ಕಾಣುವುದು ಈ ಶಕ್ತಿಯಿಂದ. ಕನ್ನಡದ ದುಂಡಕ್ಷರಗಳಿಗೆ ನಾನೂರರ ಆಸುಪಾಸಿನವರೆಗೆ ಲಾಭವಿದೆ ಎನ್ನಲು ಇದೂ ಒಂದು ಆಧಾರ.

ಪೆಟ್ಟಿಗೆಯ ಮೇಲೆ ಇಲ್ಲದ ಸಂಗತಿಗಳು

ಸಂಖ್ಯೆ ಒಂದೇ ಇದ್ದರೂ ಎಲ್ಲ ಚುಕ್ಕಿಗಳೂ ಸಮನಲ್ಲ. ಸಾಂಪ್ರದಾಯಿಕ ಎಲ್‌ಸಿಡಿಯಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕಿಗಳು. ಫೋನುಗಳ ಅಮೊಲೆಡ್ ತೆರೆಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಪೆನ್‌ಟೈಲ್ ಜೋಡಣೆಯಲ್ಲಿ ಹಸಿರು ಪ್ರತಿ ಚುಕ್ಕಿಗೂ ಉಂಟು, ಕೆಂಪು ಮತ್ತು ನೀಲಿ ಮಾತ್ರ ಅರ್ಧದಷ್ಟು. 2010ರ ಮೊದಲ ಗ್ಯಾಲಕ್ಸಿ ಎಸ್‌ನಲ್ಲಿ ಅಕ್ಷರಗಳ ಅಂಚಿಗೆ ಬಣ್ಣದ ಜೂಲು ಕಾಣುತ್ತಿದ್ದುದಕ್ಕೆ ಇದೇ ಕಾರಣ. ಚುಕ್ಕಿಗಳು ಒತ್ತೊತ್ತಾದ ಮೇಲೆ ಈ ದೂರು ತಗ್ಗಿತು. ಆದರೂ ಕಡಿಮೆ ಪಿಪಿಐಯ ಅಮೊಲೆಡ್ ತೆರೆಗಿಂತ ಅಷ್ಟೇ ಪಿಪಿಐಯ ಎಲ್‌ಸಿಡಿಯಲ್ಲಿ ಅಕ್ಷರ ಸ್ಫುಟ. 326 ಪಿಪಿಐಯ ಎಲ್‌ಸಿಡಿ ಹೊಂದಿದ್ದ ಐಫೋನ್ ಎಕ್ಸ್‌ಆರ್ (2018) ಮತ್ತು ಐಫೋನ್ 11 (2019) ಕಾಗದದ ಮೇಲೆ ಬಡವಾಗಿ ಕಂಡರೂ ಓದುವಾಗ ಕೊರತೆ ತೋರಲಿಲ್ಲ.

ತೆರೆಯೊಳಗೆ ಬರುವ ಸರಕು ಕಳಪೆಯಾದರೆ ತೆರೆಯೇನು ಮಾಡೀತು? ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಬಂದ ಆಮಂತ್ರಣ ಪತ್ರಿಕೆ ಕಳುಹಿಸುವಾಗಲೇ ಒಂದಿಷ್ಟು ಸೊರಗಿರುತ್ತದೆ. ನೆಟ್‌ಫ್ಲಿಕ್ಸ್ ಸಂಸ್ಥೆ 2019ರ ಜುಲೈನಲ್ಲಿ ಭಾರತದಲ್ಲಿ ಆರಂಭಿಸಿದ 199 ರೂಪಾಯಿಗಳ ಮೊಬೈಲ್ ಯೋಜನೆಯಲ್ಲಿ ಚಿತ್ರದ ಗುಣಮಟ್ಟ 480ಪಿ. ಇಪ್ಪತ್ತು ಲಕ್ಷ ಚುಕ್ಕಿಗಳ ತೆರೆಯಲ್ಲಿ ನಾಲ್ಕು ಲಕ್ಷ ಚುಕ್ಕಿಗಳ ಸಿನಿಮಾ! ಅದನ್ನು ನೋಡಿ ಯಾರೂ ಬೇಸರಪಟ್ಟಂತಿಲ್ಲ, ಏಕೆಂದರೆ ಚಲಿಸುವ ಚಿತ್ರದಲ್ಲಿ ಕಣ್ಣು ಕ್ಷಮಾಶೀಲ.

ಅಂಗಡಿಯಲ್ಲಿ ಏನು ನೋಡಬೇಕು

ಸುಮಾರು 6.6 ಅಂಗುಲದ ಫೋನಿನಲ್ಲಿ 1600×720 ಎಂದರೆ 266 ಪಿಪಿಐ. 2400×1080 ಎಂದರೆ 399. ಇವೆರಡರ ನಡುವಿನ ವ್ಯತ್ಯಾಸ ಕನ್ನಡ ಓದುವ ಎಳೆಯ ಕಣ್ಣಿಗೆ ಕಾಣುತ್ತದೆ. ಒಂದೆರಡು ಸಾವಿರ ರೂಪಾಯಿ ಹೆಚ್ಚು ಕೊಡುವುದಾದರೆ ಇಲ್ಲಿ ಕೊಡುವುದು ಲೇಸು. 1440ಕ್ಕೆ ಏರಿದರೆ 500 ದಾಟುತ್ತದೆ. ಆ ಹಣವನ್ನು ಬ್ಯಾಟರಿಗೋ, ಬಿಸಿಲಿನಲ್ಲೂ ಕಾಣುವ ಪ್ರಖರತೆಗೋ ಕೊಡುವುದು ಮೇಲು. ಬಸ್ ನಿಲ್ದಾಣದ ಮಧ್ಯಾಹ್ನದ ಬಿಸಿಲಿನಲ್ಲಿ ಮಂಕು ತೆರೆಯ 500 ಚುಕ್ಕಿಗಳೂ ಒಂದೇ, 200 ಚುಕ್ಕಿಗಳೂ ಒಂದೇ. ಓದಲೆಂದು ಎಂಟು ಅಂಗುಲದ ಟ್ಯಾಬ್ಲೆಟ್ ಕೊಳ್ಳುವವರು ಮಾತ್ರ 1920×1200ಕ್ಕಿಂತ ಕಡಿಮೆಗೆ ಒಪ್ಪದಿರುವುದು ಒಳಿತು. ಅದು 283 ಪಿಪಿಐ ಆಗುತ್ತದೆ.

ಪೆಟ್ಟಿಗೆಯ ಮೇಲೆ ‘1080ಪಿ ಬೆಂಬಲ’ ಎಂದು ಬರೆದಿದ್ದರೆ ಎಚ್ಚರ ಬೇಕು. ಆ ಗುಣಮಟ್ಟದ ವಿಡಿಯೊ ಕಡತವನ್ನು ಯಂತ್ರ ತೆರೆಯಬಲ್ಲದು ಎಂದಷ್ಟೇ ಅದರ ಅರ್ಥವಿರಬಹುದು. ತೆರೆಯಲ್ಲಿ ಅಷ್ಟು ಚುಕ್ಕಿಗಳಿವೆ ಎಂದಲ್ಲ. ‘ಡಿಸ್‌ಪ್ಲೇ ರೆಸಲ್ಯೂಷನ್’ ಎಂಬ ಸಾಲಿನ ಮುಂದೆ ಎರಡು ಸಂಖ್ಯೆಗಳು ಕಾಣಬೇಕು. ಅಲ್ಲಿ ‘ಎಚ್‌ಡಿ’ ಎಂಬ ಪದ ಮಾತ್ರ ಇದ್ದರೆ ಕೇಳಿಯೇ ತಿಳಿಯಬೇಕು.

ಪ್ರದರ್ಶನಕ್ಕಿಟ್ಟ ಸಾಧನಗಳಲ್ಲಿ ಸದಾ ಓಡುತ್ತಿರುವುದು ಸಮುದ್ರ, ಹೂವು, ಹಕ್ಕಿಗಳ ಬಣ್ಣದ ವಿಡಿಯೊ. ಅದನ್ನು ನಿಲ್ಲಿಸಲು ಹೇಳಿ, ಯಾವುದಾದರೊಂದು ಕನ್ನಡ ಪಠ್ಯಪುಸ್ತಕದ ಪಿಡಿಎಫ್ ತೆರೆಸಿ, ಪುಟವನ್ನು ಇಡಿಯಾಗಿ ಕಾಣುವಂತೆ ಇಟ್ಟು, ಮನೆಯಲ್ಲಿ ಹಿಡಿಯುವಷ್ಟೇ ದೂರದಲ್ಲಿ ಹಿಡಿದು ನೋಡಬೇಕು. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಬೇರೆಬೇರೆಯಾಗಿ ಕಂಡರೆ, ‘ವಿದ್ಯಾರ್ಥಿ’ಯ ಥಕಾರದ ಹೊಟ್ಟೆಯ ಬೊಟ್ಟು ಉಳಿದಿದ್ದರೆ, ಆ ತೆರೆಯಲ್ಲಿ ಚುಕ್ಕಿಗಳು ಸಾಕಷ್ಟಿವೆ.